ಸೇವೆಗೆ ಬಂದವರ ಸಂಸಾರ

ಸೇವೆ ಮಾಡಲೆಂದು ಪರದೇಶದಿಂದ ಬಂದವರು ರಾಯಚೂರಿನಲ್ಲಿ ಮನೆ ಹಿಡಿದರೆ ಮೊದಲ ತಿಂಗಳ ಸೇವೆಯೆಲ್ಲ ಓಣಿಯವರದು. ಕೊಡ ಒಬ್ಬರ ಮನೆಯದು, ಚಾಪೆ ಇನ್ನೊಬ್ಬರದು. ಮಧ್ಯಾಹ್ನ ಯಾಕೆ ಯಾರೂ ಹೊರಗೆ ಕಾಲಿಡುವುದಿಲ್ಲ, ರಾತ್ರಿ ಯಾಕೆ ಎಲ್ಲರೂ ಮಾಳಿಗೆ ಹತ್ತುತ್ತಾರೆ ಎಂಬ ಪಾಠಗಳು ಪುಕ್ಕಟೆ. ಮಂಡಾಳು ಒಗ್ಗರಣಿ, ಮಿರ್ಚಿ ತಿನ್ನಿಸಿ ಕಣ್ಣಲ್ಲಿ ನೀರು ತರಿಸಿದ ಮೇಲೆ ಮನಿ ಮಾಲಕಿ ಕೇಳುವುದು: "ಖಾರ ಆತೇನ್ ತಮ್ಮಾ? ಇನ್ನೊಂದು ತಿನ್ನು, ಹೋಗ್ತದ."

ಇಂಥ ಪರದೇಶಿಗಳು ನಮಗೇನೂ ಹೊಸಬರಲ್ಲ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದವರ ಕೈಯಲ್ಲಿದ್ದ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ್ದಾಗ ಕ್ರಿಸ್ಟೋವಾವ್ ದ ಫಿಗೇರೆದೊ ಎಂಬ ಪೋರ್ಚುಗೀಸ ಕುದುರೆ ಮಾರಲು ಬಂದ. ಬಂದ ಕೆಲಸ ಮುಗಿಸಿ ಹೋಗಬಹುದಿತ್ತು. ಮುತ್ತಿಗೆ ನೋಡಿ ಕೈ ತುರಿಸಿರಬೇಕು, ನಾನೂ ಒಂದು ಕೈ ನೋಡುತ್ತೇನೆ ಎಂದು ತನ್ನ ಕೋವಿಗಾರರನ್ನು ಕರೆದುಕೊಂಡು ನಿಂತ. ಗೋಡೆಯ ಮೇಲೆ ನಿರ್ಭಯವಾಗಿ ಓಡಾಡುತ್ತಿದ್ದವರು ತಲೆ ಮರೆಸಿಕೊಂಡರು, ಇಣುಕಿದ ಕೋಟೆಯ ನಾಯಕನ ಹಣೆಗೇ ಗುಂಡು ಬಿತ್ತು, ಕೋಟೆ ಶರಣಾಯಿತು. ಹೀಗೆಂದು ಬರೆದಿಟ್ಟವನು ಅವರದೇ ಫೆರ್ನಾವ್ ನೂನಿಜ್. ತಮ್ಮವರನ್ನು ಒಂದಿಷ್ಟು ಮೇಲೆತ್ತಿ ಹೇಳಿರಲಿಕ್ಕೂ ಸಾಕು. ಬಿಜಾಪುರದ ಕಡೆ ಸೇನಾಪತಿ ಸಲಾಬತ್ ಖಾನನ ಕೈಕೆಳಗೂ ಪೋರ್ಚುಗೀಸರಿದ್ದರು ಎಂದು ಅವನೇ ಹೇಳುತ್ತಾನೆ. ಎರಡೂ ದಡದಲ್ಲಿ ಸೇವೆ!

ನನಗೆ ಆ ಗುಂಡಿಗಿಂತ ಹೆಚ್ಚು ಹಿಡಿಸಿದ್ದು ನೂನಿಜ್ ಬರೆದ ಇನ್ನೊಂದು ಮಾತು. ರಾಯನ ದಂಡು ಹೊರಟಾಗ ಹತ್ತು-ಹನ್ನೆರಡು ಸಾವಿರ ಮಂದಿ ತೊಗಲಿನ ಚೀಲಗಳಲ್ಲಿ ನೀರು ಹೊತ್ತು ದಾರಿಯುದ್ದಕ್ಕೂ ನಿಂತಿದ್ದರಂತೆ, ಬಾಯಾರಿದವರಿಗೆ ಕೊಡಲು. ಯುದ್ಧ ನಡೆದದ್ದು ಮೇ ತಿಂಗಳಲ್ಲಿ. ಅತ್ತ ಕೃಷ್ಣೆ, ಇತ್ತ ತುಂಗಭದ್ರೆ, ನಡುವೆ ಗಂಟಲು ಒಣಗಿದ ದೋಆಬು; ಈ ನಾಡಿನ ಗುಟ್ಟನ್ನು ರಾಯ ಬಲ್ಲವನಾಗಿದ್ದ.

ಮಾನ್ವಿಯ ಕಡೆ ಹೋದರೆ ಹೊರಗಿನಿಂದ ಬಂದವರದು ಬೇರೆಯದೇ ಕಥೆ. ತುಂಗಭದ್ರಾ ಎಡದಂಡೆ ಕಾಲುವೆ ಹರಿದ ಮೇಲೆ ಕರಾವಳಿ ಆಂಧ್ರದಿಂದ ರೈತರು ಬಂದು ಹೊಲ ಕೊಂಡು, ಭತ್ತ ಹಾಕಿ, ಗುಡಿಸಲು ಕಟ್ಟಿಕೊಂಡರು. ಆ ಊರುಗಳಿಗೆ ಇಂದಿಗೂ ಕ್ಯಾಂಪ್ ಎಂದೇ ಹೆಸರು. ಗುಡಿಸಲು ಹೋಗಿ ಮಹಡಿ ಎದ್ದಿವೆ, ಮೊಮ್ಮಕ್ಕಳು ಕನ್ನಡ ಶಾಲೆ ಮುಗಿಸಿದ್ದಾರೆ, ಊರು ಮಾತ್ರ ಇನ್ನೂ ಕ್ಯಾಂಪಿನಲ್ಲೇ ಇದೆ! ಅಂಥಲ್ಲಿ ಎರಡು ತಿಂಗಳು ಇದ್ದು "ನಾನು ಮಾನ್ವಿಯವನೇ ಆಗಿಬಿಟ್ಟೆ" ಎನ್ನುವ ಪರದೇಶಿಯನ್ನು ಕಂಡರೆ ನನಗೆ ನಗು ಬರುತ್ತದೆ. ದೇವದುರ್ಗದವರು ಇಷ್ಟೆಲ್ಲ ಲೆಕ್ಕ ಹಾಕುವುದಿಲ್ಲ. ಹೋಟೆಲಿನಲ್ಲಿ ಚಹಾದ ದುಡ್ಡು ಪಕ್ಕದವನೇ ಕೊಟ್ಟುಬಿಟ್ಟ ದಿನ ನೀವು ಊರವರು.

ಆದ್ದರಿಂದ ಓದುಗ ಮಹಾಶಯರೇ, ನಿಮ್ಮ ಓಣಿಯಲ್ಲಿ ಯಾರಾದರೂ ಗಂಟುಮೂಟೆ ಇಳಿಸಿದರೆ, "ಪಗಾರ ಎಷ್ಟು, ಮದುವಿ ಆಗ್ಯದೇನು" ಎಂಬ ಪ್ರಶ್ನೆಗಳನ್ನು ನಾಳೆಗೆ ಇಟ್ಟುಕೊಳ್ಳಿ. ನಳ ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ಇವತ್ತೇ ಹೇಳಿಬಿಡಿ.