ಒಂದೂವರೆ ಟನ್ ತಂಪು

ಕಲಬುರಗಿಯಲ್ಲಿ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ನಾವೇ ನಗೆಯಾಡುತ್ತೇವೆ. ಆದರೆ ಆ ನಗುವೆಲ್ಲ ಜನವರಿಯವರೆಗೆ ಮಾತ್ರ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದ ಮೇಲೆ ನಗುವುದಕ್ಕೂ ಬೆವರಬೇಕಾಗುತ್ತದೆ. ಇಂಥ ಊರಿನಲ್ಲಿ ಹದಿನಾರು ವರ್ಷ ದುಡಿದ ನಮ್ಮ ಕಿಟಕಿಯ ಎ.ಸಿ. ಒಂದು ದಿನ ಕಣ್ಣು ಮುಚ್ಚಿತೆಂದರೆ, ಮನೆಯ ಹಿರಿಯರೊಬ್ಬರು ಹೋದಷ್ಟೇ ಸೂತಕ.

ರಿಪೇರಿಯ ಹುಡುಗ ಬಿಚ್ಚಿ ನೋಡಿ, "ಅಕ್ಕಾ, ಕಾಯಿಲ್ ತೂತ ಬಿದ್ದದ. ಗ್ಯಾಸ್ ತುಂಬಿದ್ರೂ ಮತ್ತ ಸೋರ್ತದ. ಹೊಸಾದು ತಗೊಂಡುಬಿಡ್ರಿ" ಎಂದ. ಹಳೆಯ ಎ.ಸಿ.ಗಳಲ್ಲಿರುವ ಆರ್-22 ಎಂಬ ಅನಿಲ ಓಝೋನ್ ಪದರಕ್ಕೆ ಕುತ್ತು ತರುವಂಥದು. 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಅದನ್ನು ಹಂತಹಂತವಾಗಿ ಕೈಬಿಡಲಾಗುತ್ತಿದೆ. ಈಗಿನ ಅನಿಲಗಳನ್ನು ಆ ಯಂತ್ರಕ್ಕೆ ತುಂಬುವಂತಿಲ್ಲ.

ಯಜಮಾನರು ಅಂಗಡಿಗೆ ಹೋಗಿಬಂದು, "ಒಂದೂವರೆ ಟನ್ನಿಂದು ಛಲೋ ಅದ" ಎಂದರು. ಅತ್ತೆ ಗಾಬರಿಯಾಗಿ, "ಅಷ್ಟು ಭಾರ ಗ್ವಾಡಿ ತಡೀತದೇನು?" ಎಂದು ಕೇಳಿದರು. ನಾವೆಲ್ಲ ನಕ್ಕೆವು. ಆದರೆ ಆ ಟನ್ನಿಗೆ ನಿಜವಾಗಿಯೂ ತೂಕದ ನಂಟಿದೆ. ಸುಮಾರು 900 ಕಿಲೋ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಹೊರಹಾಕುವ ಶಕ್ತಿಯೇ ಒಂದು ಟನ್. ಅಂದರೆ ದಿನಕ್ಕೆ ಒಂದು ಗಾಡಿ ಮಂಜುಗಡ್ಡೆ ಮನೆಗೆ ತರಿಸಿದ ಲೆಕ್ಕ.

ಹಳೆಯ ಲಗ್ನಪತ್ರಿಕೆಯ ಬೆನ್ನ ಮೇಲೆ ಯಜಮಾನರು ಖರ್ಚು ಬರೆದರು. ಯಂತ್ರಕ್ಕೆ 42,000, ಸ್ಟೆಬಿಲೈಸರು, ತಾಮ್ರದ ಕೊಳವೆ, ಹೊರಗಿನ ಪೆಟ್ಟಿಗೆ ಕೂರಿಸಲು ಕಬ್ಬಿಣದ ಸ್ಟ್ಯಾಂಡು, ಬೇರೆ ವೈರಿಂಗು, ಕಿಟಕಿಯ ತೂತು ಮುಚ್ಚಲು ಗೌಂಡಿಯ ಕೂಲಿ. ಎಲ್ಲ ಸೇರಿ 54,000 ದಾಟಿತು. 2025ರ ಸೆಪ್ಟೆಂಬರಿನಲ್ಲಿ ಎ.ಸಿ. ಮೇಲಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದದ್ದನ್ನು ಉಳಿತಾಯವೆಂದು ಪಕ್ಕದಲ್ಲಿ ಬರೆದುಕೊಂಡರು. ಖರ್ಚು ಮಾಡುವ ಮೊದಲೇ ಉಳಿತಾಯ ಬರೆಯುವುದು ಗಂಡಸರಿಗೇ ಬಲ್ಲ ವಿದ್ಯೆ.

ಕರೆಂಟಿನ ಮಾತು ಆ ಚೀಟಿಯಲ್ಲಿರಲಿಲ್ಲ. 2023ರಿಂದ ಗೃಹಜ್ಯೋತಿ ಯೋಜನೆ ಇದೆ. ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಹಳೆಯ ಎ.ಸಿ. ಇದ್ದಾಗ ಏಪ್ರಿಲ್, ಮೇ ತಿಂಗಳ ಬಿಲ್ಲು ಹಾಗೆಯೇ ಬರುತ್ತಿತ್ತು. ಐದು ನಕ್ಷತ್ರದ ಹೊಸ ಯಂತ್ರ ಬಹಳ ಕಡಿಮೆ ಉಣ್ಣುತ್ತದೆ ನಿಜ. ಆದರೂ ರಾತ್ರಿಯೆಲ್ಲ ಓಡಿದರೆ ಆ ಗೆರೆಯೊಳಗೆ ಉಳಿಯುವುದು ಕಷ್ಟ.

ನನ್ನನ್ನು ಕಾಡಿದ್ದು ಬೇರೆಯೇ ಲೆಕ್ಕ. ಈ ತಂಪು ಯಾರಿಗೆ? ಎ.ಸಿ. ಇದ್ದದ್ದು ನಮ್ಮ ಮಲಗುವ ಕೋಣೆಯಲ್ಲಿ. ಹಗಲು ಹತ್ತರಿಂದ ಸಂಜೆಯವರೆಗೆ ಅಲ್ಲಿ ಮನುಷ್ಯರೇ ಇರುವುದಿಲ್ಲ. ಆ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತೇನೆ. ಉರಿ ಆರುತ್ತದೆಂದು ಫ್ಯಾನು ಹಾಕುವಂತಿಲ್ಲ. ನಿಮಗೂ ಗೊತ್ತಿರುವ ಸಂಕಟವೇ ಇದು. ಅತ್ತೆ ಕಾಂಕ್ರೀಟ್ ಮಾಳಿಗೆಯ ಕೆಳಗಿನ ಸಣ್ಣ ಕೋಣೆಯಲ್ಲಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿರುತ್ತಾರೆ. ಹಿಂದಿನ ಬೇಸಿಗೆಯ ಒಂದು ಮಧ್ಯಾಹ್ನ ಅವರು ತಲೆತಿರುಗಿ ಕುಸಿದಿದ್ದರು. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ತಿಳಿಯುವುದಿಲ್ಲ, ನೀರು ನೆನಪಿಸಿ ಕುಡಿಸಬೇಕು ಎಂದು ಸಲೈನ್ ಹಚ್ಚಿದ ಡಾಕ್ಟರು ಹೇಳಿದ್ದರು. ಅಂದಿನ ಆಸ್ಪತ್ರೆಯ ಬಿಲ್ಲೂ ಈ ಚೀಟಿಯಲ್ಲಿರಲಿಲ್ಲ.

"ನಮ್ಮ ತೌರಮನಿ ಮಣ್ಣಿನ ಮಾಳಿಗಿ. ಗ್ವಾಡಿ ಎರಡು ಮೊಳ ದಪ್ಪ. ಮಧ್ಯಾಹ್ನ ಹಾಸಿ ಮಲಗಿದ್ರ ಎಚ್ಚರಾನೇ ಆಗ್ತಿದ್ದಿಲ್ಲ" ಎನ್ನುತ್ತಾರೆ ಅತ್ತೆ. ದಪ್ಪ ಮಣ್ಣು ಹಗಲಿನ ಬಿಸಿಯನ್ನು ಒಳಗೆ ಬಿಡುವುದಕ್ಕೆ ತಡಮಾಡುತ್ತದೆ. ನಮ್ಮ ತೆಳು ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ನಮ್ಮ ಮೇಲೆ ಕಾರುತ್ತದೆ. ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿದ ದಿನವೇ ನಮ್ಮೂರಿನ ಮನೆಗಳು ಕಾಸಿಲ್ಲದ ತಂಪನ್ನು ಬದಲಾಯಿಸಿಬಿಟ್ಟವು; ಈಗ ಕಟ್ಟುತ್ತಿರುವುದು ಅದರ ಕಂತು.

ನಾನೂ ಒಂದು ಚೀಟಿ ಬರೆದೆ. ಮೊದಲು ಮಾಳಿಗೆಯ ಮೇಲೆ ಬಿಸಿಲು ಹಿಂದಕ್ಕೆ ಎಸೆಯುವ ಬಿಳಿ ಬಣ್ಣ. ಆಮೇಲೆ ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನು. ಉಳಿದ ಹಣಕ್ಕೆ ಒಂದೇ ಟನ್ನಿನ ಎ.ಸಿ., ಅದೂ ಅತ್ತೆಯ ಕೋಣೆಗೆ. ಮೇಲಿನ ಬಿಸಿ ಕಡಿಮೆಯಾದರೆ ಆ ಸಣ್ಣ ಕೋಣೆಗೆ ಅದೇ ಧಾರಾಳ. ಯಜಮಾನರು ಎರಡು ಸಲ ಓದಿ, "ಮತ್ತ ನಾವು?" ಎಂದರು. "ಚಾಪಿ ಅದಾವಲ್ಲ" ಎಂದೆ.

ಈಗ ಸೆಕೆಯ ರಾತ್ರಿಗಳಲ್ಲಿ ಮೊಮ್ಮಕ್ಕಳು, ಮಗ, ಸೊಸೆ ಎಲ್ಲರೂ ಅತ್ತೆಯ ಮಂಚದ ಸುತ್ತ ಚಾಪೆ ಹಾಸುತ್ತೇವೆ. ಮಕ್ಕಳು 18 ಬೇಕೆಂದು ಹಟ ಹಿಡಿದರೂ ಅತ್ತೆ 27ರಿಂದ ಕೆಳಗಿಳಿಯುವುದಿಲ್ಲ. ರಿಮೋಟು ಅವರ ದಿಂಬಿನ ಕೆಳಗಿರುತ್ತದೆ. ಬೀಗದ ಕೈ ನನ್ನ ಕೈಗೆ ಬಂದ ಎಷ್ಟೋ ವರ್ಷಗಳ ಮೇಲೆ ಅವರಿಗೆ ಮತ್ತೊಂದು ಅಧಿಕಾರ ಸಿಕ್ಕಿದೆ. ಅದರ ಬೆಲೆಯನ್ನು ಯಾವ ಚೀಟಿಯಲ್ಲಿ ಬರೆಯುವುದೋ ಯಜಮಾನರನ್ನೇ ಕೇಳಬೇಕು.