ಸೌತೆಕಾಯಿ ಸಿಪ್ಪೆಯ ಲೆಕ್ಕ

ಹತ್ತನೇ ತರಗತಿ ಮುಗಿದಾಗ ನನಗೆ ಸೈನ್ಸ್ ಓದುವ ಆಸೆ ಇತ್ತು. ಟ್ಯೂಷನ್ ಖರ್ಚು ಕೇಳಿ ಅಬ್ಬಾ ಸುಮ್ಮನಾದರು. ನಾನೂ ಸುಮ್ಮನೆ ಕಾಮರ್ಸ್ ಸೇರಿದೆ. ಆದರೂ ಹರಿಹರದಿಂದ ದಾವಣಗೆರೆಗೆ ಬರುವ ಬಸ್ಸಿನಲ್ಲಿ ಖಾಲಾನ ಮಗಳ ಬಯಾಲಜಿ ರೆಕಾರ್ಡ್ ತೆರೆದು ನೋಡುತ್ತಿದ್ದೆ. ಹೊಟ್ಟೆಕಿಚ್ಚು ಅಂದರೂ ಸರಿ.

ಒಂದು ದಿನ ಅವಳು ಸೌತೆಕಾಯಿ ಸಿಪ್ಪೆಯ ಜೀವಕೋಶಗಳ ಚಿತ್ರ ಬರೆದಿದ್ದಳು. ಜೇನುಗೂಡಿನಂತೆ ಎಲ್ಲಕ್ಕೂ ಆರು ಬದಿ. "ನಿಜವಾಗ್ಲೂ ಹೀಗೇ ಇರ್ತಾವಾ?" ಎಂದೆ. "ತೇರೇಕು ಕಾಯ್ಕು? ನೀನು ಕಾಮರ್ಸ್ ಅಲ್ವಾ" ಎಂದು ನಕ್ಕಳು. ಆ ಮಾತು ಚುಚ್ಚಿತು. ಮೇಡಂ ಹತ್ತಿರ ಅನುಮತಿ ಕೇಳಿ, ಲ್ಯಾಬಿನ ಮೈಕ್ರೋಸ್ಕೋಪಿನಲ್ಲಿ ನಾನೇ ನೋಡಿ 40 ಕೋಶ ಎಣಿಸಿದೆ. ಆರು ಬದಿಯವು 18, ಐದು ಬದಿಯವು 12, ಏಳು ಬದಿಯವು 8, ನಾಲ್ಕು ಬದಿಯದು ಒಂದು, ಎಂಟು ಬದಿಯದು ಒಂದು. ಒಟ್ಟು 236 ಬದಿ. ಸರಾಸರಿ 5.9! ಆರು ಬದಿಯವು ಅರ್ಧದಷ್ಟೂ ಇಲ್ಲ, ಸರಾಸರಿ ಮಾತ್ರ ಆರರ ಹತ್ತಿರ.

ಯಾಕೆ ಹೀಗೆ ಎಂದು ಮೇಡಂ ಬೋರ್ಡಿನ ಮೇಲೆ ತೋರಿಸಿದರು. ಒಂದು ಕೋಶ ಎರಡಾಗುವಾಗ ನಡುವೆ ಹೊಸ ಗೋಡೆ ಬರುತ್ತದೆ. ಆರು ಬದಿಯ ಕೋಶ ಸೀಳಿದರೆ ಐದೈದು ಬದಿಯ ಎರಡು ಕೋಶಗಳು, ಅಂದರೆ ನಾಲ್ಕು ಬದಿ ಹೆಚ್ಚು. ಗೋಡೆಯ ಎರಡು ತುದಿ ತಾಗಿದ ಅಕ್ಕಪಕ್ಕದ ಕೋಶಗಳಿಗೆ ಒಂದೊಂದು ಬದಿ ಜಾಸ್ತಿ. ಒಟ್ಟು ಆರು. ನಮ್ಮ ಅಕೌಂಟೆನ್ಸಿಯ ಜರ್ನಲ್ ಎಂಟ್ರಿಯಂತೆ, ಒಂದು ಕೋಶ ಬಂದಾಗಲೆಲ್ಲ ಖಾತೆಗೆ ಆರು ಬದಿ ಜಮಾ. ಸಾವಿರ ಸಲ ಹೀಗಾದರೆ ಸರಾಸರಿ ಆರಕ್ಕೇ ಬರಬೇಕು.

1928ರಲ್ಲಿ ಅಮೆರಿಕದ ಎಫ್. ಟಿ. ಲೂಯಿಸ್ ಸೌತೆಕಾಯಿ ಸಿಪ್ಪೆಯಲ್ಲೇ ಇದನ್ನು ಎಣಿಸಿದ್ದರಂತೆ. 2006ರಲ್ಲಿ ಒಂದು ತಂಡ ಹಣ್ಣುನೊಣದ ಮರಿಯ ಬೆಳೆಯುವ ರೆಕ್ಕೆಯ ಕೋಶಗಳನ್ನು ಎಣಿಸಿತು. ಅಲ್ಲೂ ಆರು ಬದಿಯವು ಅರ್ಧಕ್ಕಿಂತ ಕಡಿಮೆ. ಗೊದಮೊಟ್ಟೆಯಲ್ಲೂ ಹೆಚ್ಚುಕಡಿಮೆ ಅದೇ ಲೆಕ್ಕ. ಆ ತಂಡದಲ್ಲಿದ್ದ ರಾಧಿಕಾ ನಾಗಪಾಲ್ ಬಯಾಲಜಿಯವರಲ್ಲ, ಕಂಪ್ಯೂಟರ್ ವಿಜ್ಞಾನಿ. ಇದನ್ನು ಕೇಳಿ ನನಗೆ ಆದ ಖುಷಿ ಹೇಳತೀರದು.

ಮರುದಿನ ಬಸ್ಸಿನಲ್ಲಿ ನನ್ನ ಲೆಕ್ಕ ತೋರಿಸಿದೆ. ಖಾಲಾನ ಮಗಳು ಏನೂ ಅನ್ನದೆ ರಬ್ಬರ್ ತೆಗೆದು ಚಿತ್ರ ಅಳಿಸಿದಳು. "ಏಳು ಬದಿಯವು ಎಷ್ಟು ಅಂದೆ?" ಎಂದು ಕೇಳಿದಳು.

ಸೈನ್ಸ್ ಸಿಗಲಿಲ್ಲ ಎಂಬ ಬೇಸರ ಪೂರ್ತಿ ಹೋಗಿಲ್ಲ. ಆದರೆ ಎಣಿಸಬೇಡ ಎಂದು ನನ್ನನ್ನು ಯಾರೂ ತಡೆದಿಲ್ಲ.