ಯಾವ ಗುಂಡಿಗೆ ತಿದ್ದೋದು?

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತೆ. ಬರಿಗಣ್ಣಿಗೆ ಕಾಣುವ ಕಾಯಿ, ಎದುರಿಗೆ ಕೋವಿ, ಸುತ್ತ ಕೂಗಾಡುವ ಜನ. ಅದೇ ಕಾಯಿಯನ್ನು 1000 ಗಜ, ಅಂದರೆ 914 ಮೀಟರ್ ದೂರ ಇಟ್ಟುಬಿಟ್ಟರೆ? ಹೊಡೆಯೋದು ಹಾಗಿರಲಿ, ಅದು ಕಣ್ಣಿಗೇ ಬೀಳಲ್ಲ. ಅಷ್ಟು ದೂರಕ್ಕೆ ಗುರಿಯಿಟ್ಟು ಹೊಡೆಯುವುದನ್ನೇ ಆಟ ಮಾಡಿಕೊಂಡವರು ಅಮೆರಿಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಓಹಾಯೋದಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಅವರಲ್ಲೊಬ್ಬರು.

ವಯಸ್ಸು 73. ಜೀವಮಾನವೆಲ್ಲ ಲೇತ್ ಮೆಷೀನಿನ ಮುಂದೆ ನಿಂತು ರಿಟೈರ್ ಆದವರು. ಈರೀ ಸರೋವರದ ದಂಡೆಯಲ್ಲಿ ಕ್ಯಾಂಪ್ ಪೆರಿ ಅಂತ ಒಂದು ಜಾಗ ಇದೆ. 1907ರಿಂದ ಅಲ್ಲಿ ಅಮೆರಿಕದ ರಾಷ್ಟ್ರೀಯ ಶೂಟಿಂಗ್ ಸ್ಪರ್ಧೆಗಳು ನಡೆದುಬಂದಿವೆ. ಯಜಮಾನರು ಅಲ್ಲಿ ಎಷ್ಟೋ ಬೇಸಿಗೆ ಹೊಡೆದವರು, ಅದೂ ಸ್ಕೋಪ್ ಇಲ್ಲದೆ. ಹಿಂದೊಂದು ಸಣ್ಣ ತೂತು, ಮುಂದೊಂದು ಉಂಗುರ, ಆಚೆ ದೂರದಲ್ಲಿ ಕಪ್ಪು ಚುಕ್ಕೆ. ಇವು ಮೂರನ್ನೂ ಒಂದೇ ಗೆರೆಗೆ ತರುವ ವಿದ್ಯೆ ಅದು. ಈಚೆಗೆ ಕಣ್ಣು ಮಂಜಾಗಿ ಮುಂದಿನ ಉಂಗುರ ಕಂಡರೆ ಚುಕ್ಕೆ ಕಾಣಲ್ಲ, ಚುಕ್ಕೆ ಕಂಡರೆ ಉಂಗುರ ಕಾಣಲ್ಲ. ರೈಫಲ್ ಮಾರಿಬಿಡ್ತೀನಿ ಅಂತ ಒಂದು ಚಳಿಗಾಲವೆಲ್ಲ ಹೇಳುತ್ತಲೇ ಇದ್ದರು. ಸ್ಕೋಪ್ ಹಾಕಿಸಿಕೊಳ್ಳಿ ಅಂದರೆ, "ಅದು ಮುದುಕರಿಗೆ" ಅನ್ನೋರು. ಕೊನೆಗೆ ಅವರ ಹೆಂಡತಿಯೇ ಹುಟ್ಟುಹಬ್ಬಕ್ಕೆ ಒಂದು ಸ್ಕೋಪ್ ತಂದಿಟ್ಟರು. "ರೈಫಲ್ ಮನೆ ಬಿಟ್ಟು ಹೋದರೆ ಈ ಮನುಷ್ಯ ಟಿವಿ ಮುಂದಿನ ಕುರ್ಚಿ ಬಿಟ್ಟು ಏಳಲ್ಲ, ನನಗೆ ಗೊತ್ತು" ಅಂತ ನನ್ನ ಹತ್ತಿರ ಹೇಳಿದ್ದರು.

ನನ್ನ ಬಂದೂಕಿನ ಜ್ಞಾನವೆಲ್ಲ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್ಸನ್ ಕಾಡಿನ ಕಥೆಗಳದ್ದು. ಸಾಲದ್ದಕ್ಕೆ ಎಚ್-1ಬಿ ವೀಸಾದವನು. ಹಂಟಿಂಗ್ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ನಮ್ಮಂಥವರು ಬಂದೂಕು ಇಟ್ಟುಕೊಳ್ಳೋದು ಇಲ್ಲಿನ ಕಾನೂನಿಗೆ ವಿರುದ್ಧ. ಹಾಗಾಗಿ ಆ ಶನಿವಾರ ಅವರ ಗ್ಯಾರೇಜಿನಲ್ಲಿ ನನ್ನ ಕೆಲಸ ಟಾರ್ಚ್ ಹಿಡಿಯೋದು, ಕೇಳಿದ ಸ್ಪ್ಯಾನರ್ ಕೊಡೋದು, ಹೇಳಿದ ಲೆಕ್ಕ ಬರೆಯೋದು. ರೈಫಲ್ ಮುಟ್ಟೋದು ಮಾತ್ರ ಅವರೇ.

ಸ್ಕೋಪ್ ಕೂರಿಸೋದು ಅಂದರೆ ನಾಲ್ಕು ಸ್ಕ್ರೂ ಬಿಗಿಯೋದು ಅಂದುಕೊಂಡಿದ್ದೆ. ಅವರಿಗೆ ಅದು ಅರ್ಧ ದಿನದ ಪೂಜೆ. ಮೊದಲು ರೈಫಲ್ ಮೇಲೆ ಒಂದು ಉಕ್ಕಿನ ಪಟ್ಟಿ. ಈ ಪಟ್ಟಿ ಮುಂದಕ್ಕೆ ಕೂದಲೆಳೆಯಷ್ಟು ಇಳಿಜಾರು. ಯಾಕೆ ಅಂದರೆ, ಅವರ ಪಾಯಿಂಟ್ 308 ರೈಫಲಿನ ಗುಂಡು 100 ಗಜಕ್ಕೆ ಸರಿಯಾಗಿದ್ದರೆ 1000 ಗಜ ಮುಟ್ಟುವಷ್ಟರಲ್ಲಿ ಸುಮಾರು 33 ಅಡಿ ಕೆಳಗಿರುತ್ತೆ. ಹೆಚ್ಚುಕಡಿಮೆ ಮೂರಂತಸ್ತಿನ ಮನೆಯಷ್ಟು! ಅಷ್ಟನ್ನೂ ಸ್ಕೋಪಿನ ಮೇಲಿನ ಗುಂಡಿ ತಿರುಗಿಸಿಯೇ ತುಂಬಿಸಬೇಕು. ಪಟ್ಟಿಯ ಇಳಿಜಾರು ಇದ್ದರೆ ಗುಂಡಿಗೆ ತಿರುಗೋಕೆ ಜಾಗ ಉಳಿಯುತ್ತೆ.

ಆಮೇಲೆ ಸ್ಕೋಪಿನ ಕೊಳವೆ ಹಿಡಿಯುವ ಎರಡು ಉಂಗುರ. ಅವುಗಳ ಸ್ಕ್ರೂ ಬಿಗಿಯೋಕೆ ಟಾರ್ಕ್ ರೆಂಚ್. 15ರಿಂದ 18 ಇಂಚ್-ಪೌಂಡ್, ಅದಕ್ಕಿಂತ ಜಾಸ್ತಿ ಇಲ್ಲ. ಸಡಿಲ ಇದ್ದರೆ ಪ್ರತಿ ಹೊಡೆತಕ್ಕೂ ಸ್ಕೋಪ್ ಜಾರುತ್ತೆ, ಅತಿಯಾಗಿ ಬಿಗಿದರೆ ಕೊಳವೆ ನೆಗ್ಗುತ್ತೆ. ಪೂರ್ತಿ ಬಿಗಿಯೋಕೆ ಮುಂಚೆ ಯಜಮಾನರು ಗ್ಯಾರೇಜಿನ ನೆಲಕ್ಕೆ ಕಂಬಳಿ ಹಾಸಿ, ಮಂಡಿ ಹಿಡಿದುಕೊಂಡು, ಹೊಟ್ಟೆ ಅಡಿಯಾಗಿ ಮಲಗಿದರು. ಕಣ್ಣು ಮುಚ್ಚಿ ಕೆನ್ನೆಯನ್ನು ರೈಫಲಿಗೆ ಆನಿಸಿ, ಆಮೇಲೆ ಕಣ್ಣು ಬಿಟ್ಟರು. ಸ್ಕೋಪಿನೊಳಗೆ ಅಂಚಿನಲ್ಲಿ ಕಪ್ಪು ನೆರಳು. ಇಷ್ಟಿಷ್ಟೇ ಸರಿಸಿ, ಮತ್ತೆ ಕಣ್ಣು ಮುಚ್ಚಿ, ಬಿಟ್ಟು... ಏಳೆಂಟು ಸಲ. "ಕಣ್ಣು ಸ್ಕೋಪ್ ಹುಡುಕಿಕೊಂಡು ಹೋಗಬಾರದು, ಸ್ಕೋಪೇ ಕಣ್ಣಿನ ಹತ್ತಿರ ಬರಬೇಕು" ಅಂದರು. ಸಾಮಾನ್ಯವಾಗಿ ಮೂರೂವರೆ ಇಂಚಿನ ಆಸುಪಾಸಿನ ಅಂತರ. ತೀರಾ ಹತ್ತಿರ ಇಟ್ಟುಕೊಂಡರೆ ರೈಫಲ್ ಹಿಂದಕ್ಕೆ ಒದ್ದಾಗ ಹುಬ್ಬು ಒಡೆಯುತ್ತೆ.

ಕೊನೆಯದು ಒಳಗಿನ ಅಡ್ಡ-ಉದ್ದ ಗೆರೆ ನೆಟ್ಟಗೆ ನಿಲ್ಲಿಸೋದು. ರೈಫಲ್ ಮೇಲೆ ರಸಮಟ್ಟ ಇಟ್ಟು, ಎದುರು ಗೋಡೆಗೆ ದಾರ ಕಟ್ಟಿ ತುದಿಗೆ ಭಾರ ಇಳಿಬಿಟ್ಟರು. ನಮ್ಮ ಗಾರೆಯವರು ಗೋಡೆ ನೆಟ್ಟಗಿದೆಯಾ ಅಂತ ನೋಡ್ತಾರಲ್ಲ, ಹಾಗೇ. ಸ್ಕೋಪಿನ ಉದ್ದಗೆರೆ ಆ ದಾರದ ಮೇಲೆ ಕೂರಬೇಕು. ಮೂರು ಡಿಗ್ರಿ ವಾಲಿದರೆ ಏನಾಗುತ್ತೆ ಅಂತ ಕೇಳಿದೆ. 100 ಗಜದಲ್ಲಿ ಗೊತ್ತೇ ಆಗಲ್ಲ. 1000 ಗಜಕ್ಕೆ ಗುಂಡಿ ತಿರುಗಿಸಿದಾಗ ಮೇಲಕ್ಕೆ ಹೋಗಬೇಕಾದ್ದು ಓರೆಯಾಗಿ ಹೋಗಿ 20 ಇಂಚು ಪಕ್ಕಕ್ಕೆ ಬೀಳುತ್ತೆ. ಹತ್ತಿರದಲ್ಲಿ ಕಾಣದ ಸೊಟ್ಟ ದೂರದಲ್ಲಿ ಕಾಣುತ್ತೆ.

ಮಾರನೆಯ ದಿನ ರೇಂಜಿಗೆ ಹೋದೆವು. ಬೋಲ್ಟ್ ತೆಗೆದು ನಳಿಗೆಯ ಒಳಗಿಂದಲೇ 25 ಗಜದ ಗುರಿ ನೋಡಿ, ಸ್ಕೋಪಿನ ಗೆರೆಗಳನ್ನೂ ಅಲ್ಲಿಗೇ ತಂದು ಒಂದೆರಡು ಗುಂಡು ಹೊಡೆದು, 100 ಗಜಕ್ಕೆ ದಾಟಿದರು. ಸ್ಕೋಪಿನ ಗುಂಡಿ ಒಂದು ಸಲ ಟಿಕ್ ಅಂದರೆ 100 ಗಜದಲ್ಲಿ ಗುಂಡು ಕಾಲು ಇಂಚು ಸರಿಯುತ್ತೆ, ನಾಲ್ಕು ಟಿಕ್‌ಗೆ ಒಂದು ಇಂಚು. ಲೆಕ್ಕ ಸುಲಭ. ಮೊದಲ ಗುಂಡು ಎರಡು ಇಂಚು ಎಡಕ್ಕೆ ಬಿತ್ತು.

"ಎಂಟು ಟಿಕ್ ಬಲಕ್ಕೆ!" ಅಂದೆ ನಾನು.

ಅವರು ಕೇಳಿಸದವರ ಹಾಗೆ ಮತ್ತೆ ನಾಲ್ಕು ಹೊಡೆದರು. ಒಂದು ಮೇಲೆ, ಒಂದು ಬಲಕ್ಕೆ, ಒಂದು ಕೆಳಗೆ, ಇನ್ನೊಂದು ಎಲ್ಲೋ. ಐದು ತೂತು ಅಂಗೈಯಗಲಕ್ಕೆ ಹರಡಿದ್ದವು.

"ಈಗ ಹೇಳು, ಯಾವ ಗುಂಡಿಗೆ ತಿದ್ದೋದು?"

ನನಗೆ ಮಾತು ಹೊರಡಲಿಲ್ಲ. ಐದೂ ಒಂದೇ ಕಡೆ ತಪ್ಪಿ ಬಿದ್ದಿದ್ದರೆ ಸ್ಕೋಪ್ ತಿದ್ದಬಹುದು. ಐದೂ ಐದು ಕಡೆ ಬಿದ್ದರೆ ಗುಂಡಿ ತಿರುಗಿಸಿ ಏನೂ ಆಗಲ್ಲ. ಆ ತಪ್ಪು ಬೇರೆ ಎಲ್ಲೋ ಇದೆ. ಒಂದೊಂದು ಗುಂಡಿನ ಹಿಂದೆ ಬಿದ್ದು ಆ ಕಡೆ ಎಂಟು, ಈ ಕಡೆ ಆರು ಅಂತ ತಿರುಗಿಸುತ್ತಾ ಹೋದರೆ ಪೆಟ್ಟಿಗೆ ಖಾಲಿಯಾಗುತ್ತೆ, ಗುರಿ ಸಿಗಲ್ಲ. ನಮ್ಮ ಆಫೀಸುಗಳಲ್ಲಿ ಒಬ್ಬ ಕಸ್ಟಮರ್ ಮುಖ ಸಿಂಡರಿಸಿದ ಅಂತ ಇಡೀ ಪ್ಲ್ಯಾನ್ ಬದಲಾಯಿಸಿ, ಮುಂದಿನ ವಾರ ಇನ್ನೊಬ್ಬ ನಕ್ಕ ಅಂತ ವಾಪಸ್ ತಿರುಗಿಸ್ತಾರಲ್ಲ, ಅದೂ ಇದೇ ಜಾತಿ.

ಯಜಮಾನರು ರೈಫಲ್ ಕೆಳಗಿಟ್ಟು ಸುಮ್ಮನೆ ಕೂತರು. ಆಮೇಲೆ ನಿಧಾನವಾಗಿ ಅಂದರು: "ಇದು ನನ್ನ ಎದೆಬಡಿತ ತೋರಿಸ್ತಾ ಇದೆ ಕಣೋ." ಸ್ಕೋಪನ್ನು 24 ಪಟ್ಟು ದೊಡ್ಡದಾಗಿ ಕಾಣುವ ಹಾಗೆ ಇಟ್ಟಿದ್ದರು. ಅಷ್ಟು ದೊಡ್ಡದು ಮಾಡಿದಾಗ ಗುರಿಯ ಜೊತೆ ಕೈಯ ನಡುಕವೂ 24 ಪಟ್ಟಾಗುತ್ತೆ. ಹಳೆಯ ತೂತು-ಉಂಗುರದಲ್ಲೂ ಆ ನಡುಕ ಇತ್ತು, ಕಾಣುತ್ತಿರಲಿಲ್ಲ ಅಷ್ಟೆ. ಈಗ ಗೆರೆ ಚುಕ್ಕೆಯ ಮೇಲೆ ಕುಣಿಯೋದು ಕಂಡು, ಅದು ಸರಿಯಾಗಿ ನಡುವೆ ಬಂದ ಗಳಿಗೆಗೆ ಕಾದು, ಟ್ರಿಗರ್ ಕಿತ್ತೆಳೆದುಬಿಡುತ್ತಿದ್ದರು. ಕಂಡದ್ದನ್ನು ಅಡಗಿಸೋಕೆ ಹೋಗಿ ಇನ್ನಷ್ಟು ಕೆಡಿಸಿಕೊಳ್ಳೋದು.

ಸ್ಕೋಪನ್ನು 10 ಪಟ್ಟಿಗೆ ಇಳಿಸಿದರು. ಗೆರೆ ಅಲುಗಿದರೆ ಅಲುಗಲಿ ಅಂತ ಬಿಟ್ಟು, ಉಸಿರು ಅರ್ಧ ಬಿಟ್ಟು, ಟ್ರಿಗರನ್ನು ಮೆಲ್ಲಗೆ ಒತ್ತಿದರು. ಐದು ಗುಂಡು. ಐದೂ ಒಂದೂವರೆ ಇಂಚಿನೊಳಗೆ. ಆದರೆ ಗುರಿಯಿಂದ ಎರಡು ಇಂಚು ಎಡಕ್ಕೆ, ಒಂದು ಇಂಚು ಕೆಳಕ್ಕೆ. "ಈಗ ತಿರುಗಿಸು ಅನ್ನು" ಅಂದರು. ಎಂಟು ಟಿಕ್ ಬಲಕ್ಕೆ, ನಾಲ್ಕು ಮೇಲಕ್ಕೆ. ಮುಂದಿನ ಐದು ನಡುವೆ ಬಿದ್ದವು. ಪುಸ್ತಕದಲ್ಲಿ ಬರೆದುಕೊಂಡೆ.

ಬೇಸಿಗೆಯಲ್ಲಿ ಅವರ ಕ್ಲಬ್ಬಿನವರ ಜೊತೆ 1000 ಗಜದ ರೇಂಜಿಗೆ ಹೋದಾಗಲೂ ಪುಸ್ತಕ ನನ್ನ ಕೈಯಲ್ಲೇ. ಗುರಿಯ ಕಪ್ಪು ವೃತ್ತ 44 ಇಂಚು, ನಡುವಿನ 20 ಇಂಚಿಗೆ 10 ಅಂಕ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಬೀಸಿದರೆ ಗುಂಡು ಎಂಟು ಅಡಿ ಪಕ್ಕಕ್ಕೆ ಹೋಗುವ ದೂರ ಅದು. ಗಾಳಿ ನೋಡೋಕೆ ಅವರು ನನಗೆ ಹೇಳಿಕೊಟ್ಟದ್ದು ಬಿಸಿಲ್ಗುದುರೆ. ನೆಲದ ಮೇಲೆ ಕಾದ ಗಾಳಿ ನೀರಿನ ಹಾಗೆ ಹರಿಯೋದು ದುರ್ಬೀನಿನಲ್ಲಿ ಕಾಣುತ್ತೆ. ಅದು ಓಡುವ ದಿಕ್ಕೇ ಗಾಳಿಯ ದಿಕ್ಕು. ನಮ್ಮ ಹಿರೀಕರು ಅದಕ್ಕೆ ಕುದುರೆ ಅಂತ ಯಾಕೆ ಹೆಸರಿಟ್ಟರೋ, ಅವತ್ತು ಅದು ನಿಜವಾಗಿಯೂ ಓಡುತ್ತಿತ್ತು.

ಒಂಬತ್ತು, ಹತ್ತು, ಒಂಬತ್ತು, ಹತ್ತು. ಎಂಟನೆಯ ಗುಂಡು ಬಲಕ್ಕೆ ಹಾರಿ ಎಂಟಕ್ಕೆ ಬಿತ್ತು. ಅವರು ತಲೆ ಎತ್ತದೆ ಕೇಳಿದರು:

"ಗಾಳಿಯಾ, ನಾನಾ?"

ಕುದುರೆ ಅದೇ ಹದದಲ್ಲಿ ಓಡುತ್ತಿತ್ತು. ನಾನು ಸ್ವಲ್ಪ ಹಿಂದೆಮುಂದೆ ನೋಡಿ, "ಗಾಳಿ ಬದಲಾಗಿಲ್ಲ" ಅಂದೆ.

"ಹಾಗಾದ್ರೆ ನಾನು. ಬರ್ಕೋ."

ಬರೆದುಕೊಂಡೆ. ಅವರು ಗುಂಡಿ ಮುಟ್ಟಲಿಲ್ಲ. ಕೆನ್ನೆ ಸರಿಮಾಡಿಕೊಂಡು, ಉಸಿರು ಬಿಟ್ಟು, ಒಂಬತ್ತನೆಯದನ್ನು ಹೊಡೆದರು.